ಕಹಿ ಬೇರೆ, ಕಮರು ಬೇರೆ

ಕೊಳ್ಳೇಗಾಲದ ಬಸ್ ನಿಲ್ದಾಣದ ಸುತ್ತ ಯಾವ ಹೋಟೆಲಿಗೆ ಹೋಗಿ ಕೂತರೂ ಕಾಫಿ ಹೆಚ್ಚುಕಮ್ಮಿ ಒಂದೇ. ಲೋಟದ ಮೇಲೆ ನೊರೆ, ನೊರೆಯ ಕೆಳಗೆ ಹಾಲು, ತಳದಲ್ಲಿ ಕರಗದೆ ಉಳಿದ ಸಕ್ಕರೆ. ಕಾಫಿ ಎಲ್ಲೋ ನಡುವೆ ಸಿಕ್ಕಿಕೊಂಡಿರುತ್ತದೆ. ಹಳಿಯುತ್ತಿಲ್ಲ, ದಿನಕ್ಕೆರಡು ಸಲ ನಾನೂ ಅದನ್ನೇ ಕುಡಿಯುವವನು. ಆದರೆ ಅದೇ ನಿಲ್ದಾಣದಿಂದ ಯಳಂದೂರು ದಾಟಿ, ಗುಂಬಳ್ಳಿ ಚೆಕ್‌ಪೋಸ್ಟ್ ಹಾದು ಘಾಟಿ ಹತ್ತಿದರೆ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಒಳ್ಳೆಯ ಅರೇಬಿಕಾ ಬೆಳೆಯುತ್ತದೆ. ಅದನ್ನು ಹಾಲು ಸಕ್ಕರೆ ಹಾಕದೆ, ಏನಿದೆ ಎಂದು ಬಾಯಲ್ಲಿಟ್ಟು ನೋಡಿದವರು ನಮ್ಮ ಕಡೆ ಬಹಳ ಕಡಿಮೆ. ಯಾರಿಗಾದರೂ ಒಂದು ಗುಟುಕು ಕೊಟ್ಟರೆ ಮುಖ ಕಿವುಚಿಕೊಂಡು ಹೇಳುವುದು ಒಂದೇ ಮಾತು: ‘ಕಹಿ.’

ಆ ಮಾತಿನ ಮೇಲೇ ನನ್ನ ತಕರಾರು. ಹತ್ತರಲ್ಲಿ ಎಂಟು ಸಲ ಅದು ಕಹಿಯಲ್ಲ, ಕಮರು. ಹುರಿಯುವಾಗ ಹದ ತಪ್ಪಿ ಸೀದದ್ದು. ಇವೆರಡನ್ನು ಬಾಯಿ ಬೇರೆ ಮಾಡಲು ಕಲಿತರೆ ಮಿಕ್ಕ ಪಾಠವೆಲ್ಲ ಸಲೀಸು.

ಬೆಟ್ಟದ ಬೀಜ

ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ತೋಟಗಳು ಎದ್ದದ್ದು 19ನೆಯ ಶತಮಾನದ ಕೊನೆಯಲ್ಲಿ. ಮಾರಿಸ್ ಎಂಬ ಬ್ರಿಟಿಷ್ ಪ್ಲಾಂಟರ್ ಕುಟುಂಬ ಅತ್ತಿಖಾನೆ, ಹೊನ್ನಮೇಟಿಗಳಲ್ಲಿ ಗಿಡ ಹಾಕಿಸಿತು. ಅತ್ತಿಖಾನೆಯ ಹೆಸರು ಈಗ ಬೆಂಗಳೂರು, ದೆಹಲಿಯ ಕಾಫಿ ಪೊಟ್ಟಣಗಳ ಮೇಲೂ ಕಾಣುತ್ತದೆ. ಕಾಫಿ ಮಂಡಳಿ ದೇಶದ ಕಾಫಿಯನ್ನು ಸೀಮೆವಾರು ಗುರುತಿಸುವಾಗ ಬಿಳಿಗಿರಿಯನ್ನು ಪ್ರತ್ಯೇಕ ಸೀಮೆಯಾಗಿಯೇ ಎಣಿಸುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಐದು ಕಾಫಿಗಳು ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವಯನಾಡು ಮತ್ತು ಅರಕು ಕಡೆಯವು. ಆ ಪಟ್ಟಿಯಲ್ಲಿ ನಮ್ಮ ಬೆಟ್ಟ ಇಲ್ಲ.

ದೊಡ್ಡ ತೋಟಗಳ ಮಾತು ಅಷ್ಟು ಸಾಕು. ನನಗೆ ಹೆಚ್ಚು ರುಚಿ ಕಂಡಿರುವುದು ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳ, ಅಂದರೆ ಹಾಡಿಗಳ, ಕಾಫಿಯಲ್ಲಿ. 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ ಜಾಗ ಬದಲಿಸಿ ಬದಲಿಸಿ ಮಾಡುತ್ತಿದ್ದ ಅವರ ಬೇಸಾಯ ನಿಂತುಹೋಯಿತು. ಪೋಡುಗಳಲ್ಲಿ ನೆಲೆ ನಿಂತವರು ರಾಗಿ, ಜೋಳ, ಅವರೆಯ ಜೊತೆಗೆ ಕಾಫಿ ಗಿಡ ಹಾಕಿದರು. ಆನೆ, ಹಂದಿ ರಾಗಿ ಹೊಲಕ್ಕೆ ಬೀಳುವಂತೆ ಕಾಫಿಗೆ ಬೀಳುವುದಿಲ್ಲ ಎಂಬುದೂ ಒಂದು ಕಾರಣ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಪೋಡಿನ ಗಿಡಗಳು ಹಲಸು, ನೇರಳೆಯಂಥ ಮರಗಳ ನೆರಳಿನಲ್ಲಿ, ಸಾವಿರ ಮೀಟರಿಗೂ ಮೇಲಿನ ತಂಪಿನಲ್ಲಿ ಬೆಳೆಯುತ್ತವೆ. ತಂಪಿನಲ್ಲಿ ಹಣ್ಣು ನಿಧಾನವಾಗಿ ಕಳಿಯುತ್ತದೆ, ನಿಧಾನವಾಗಿ ಕಳಿತ ಹಣ್ಣಿನ ಬೀಜ ಗಟ್ಟಿ. ರುಚಿ ಇರುವುದು ಆ ಗಟ್ಟಿತನದಲ್ಲಿ.

ಕೊಳ್ಳುವವರು ತಿಳಿದಿರಬೇಕಾದ ಎರಡು ಮಾತುಗಳಿವೆ: ಪಾರ್ಚ್‌ಮೆಂಟ್ ಮತ್ತು ಚೆರಿ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು, ಬೀಜವನ್ನು ತೆಳ್ಳನೆಯ ಹೊಟ್ಟಿನ ಸಮೇತ ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರವಿ ಒಣಗಿಸಿದರೆ ಚೆರಿ. ಸುಲಿಯುವ ಯಂತ್ರವಾಗಲಿ, ತೊಳೆಯಲು ಬೇಕಾದಷ್ಟು ನೀರಾಗಲಿ ಇಲ್ಲದ ಸಣ್ಣ ಬೆಳೆಗಾರರಿಗೆ ಚೆರಿಯೇ ದಾರಿ. ಪಾರ್ಚ್‌ಮೆಂಟಿನ ಕಾಫಿ ಬಾಯಲ್ಲಿ ತಿಳಿಯಾಗಿರುತ್ತದೆ, ಹುಳಿ ಚುರುಕು. ಚೆರಿಯದು ಮಂದ, ಸಿಹಿ, ಒಂದಿಷ್ಟು ಹಣ್ಣು ಹಣ್ಣು. ಚೆನ್ನಾಗಿ ಒಣಗಿದ್ದರೆ ಕಳಿತ ನೇರಳೆಯ ನೆನಪು ಬರುತ್ತದೆ. ಒಣಹಾಕಿದಾಗ ಮಳೆ ಬಂದು ಬೂಸಲು ಹಿಡಿದಿದ್ದರೆ ಹಳೆಯ ಗೋಣಿಚೀಲದ ಮುಗ್ಗಲು ವಾಸನೆ ಬರುತ್ತದೆ, ಅದನ್ನು ಯಾವ ಹುರಿಯೂ ಮುಚ್ಚದು. ಪಾರ್ಚ್‌ಮೆಂಟ್ ಶ್ರೇಷ್ಠ, ಚೆರಿ ಕನಿಷ್ಠ ಎಂದು ವ್ಯಾಪಾರದವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಕುಡಿದ ಅತ್ಯಂತ ಒಳ್ಳೆಯ ಬಿಳಿಗಿರಿ ಕಾಫಿ ಒಂದು ಪೋಡಿನ ಚೆರಿ. ಅತ್ಯಂತ ಕೆಟ್ಟದ್ದೂ ಚೆರಿಯೇ.

ಪೊಟ್ಟಣದ ಮೇಲೆ ಮೊದಲು ನೋಡಬೇಕಾದದ್ದು ಹುರಿದ ದಿನಾಂಕ. ‘ಇಂಥ ದಿನದೊಳಗೆ ಬಳಸಿ’ ಎಂಬುದರಿಂದ ಏನೂ ತಿಳಿಯುವುದಿಲ್ಲ. ಹುರಿದ ದಿನವೇ ಕುಡಿಯಬೇಡಿ. ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಹೋಗಲು ನಾಲ್ಕೈದು ದಿನ ಬೇಕು. ಅಲ್ಲಿಂದ ಒಂದು ತಿಂಗಳು ಬೀಜಕ್ಕೆ ಒಳ್ಳೆಯ ಕಾಲ. ಪುಡಿ ಮಾಡಿದ್ದಾದರೆ ಒಂದು ವಾರ. ಎರಡನೆಯದು ಚಿಕೋರಿ. ಅದು ಒಂದು ಗಿಡದ ಬೇರು. ಒಣಗಿಸಿ, ಹುರಿದು, ಪುಡಿ ಮಾಡಿ ಬೆರೆಸುತ್ತಾರೆ. ಬಣ್ಣ, ಮಂದ, ಒಂದು ಬಗೆಯ ಸಿಹಿಗಹಿ ಎಲ್ಲ ಕೊಡುತ್ತದೆ, ಕೆಫೀನ್ ಮಾತ್ರ ಇರುವುದಿಲ್ಲ. ನಿಯಮದ ಪ್ರಕಾರ ಶೇ 49ರವರೆಗೂ ಬೆರೆಸಬಹುದು, ಆದರೆ ಪೊಟ್ಟಣದ ಮೇಲೆ ಬರೆದಿರಬೇಕು. ಸಣ್ಣ ಅಕ್ಷರ ಓದಿ. ರುಚಿ ನೋಡಲಂತೂ ಚಿಕೋರಿ ಇಲ್ಲದ್ದೇ ಬೇಕು.

ಬೆಟ್ಟಕ್ಕೇ ಹೋಗಿ ತರುವುದಾದರೆ ಕೊಯ್ಲು ಮುಗಿದು ಒಣಗಿದ ಮೇಲೆ, ಫೆಬ್ರುವರಿ ಮಾರ್ಚ್ ಹೊತ್ತಿಗೆ ಹೋಗಿ. ಬೆಳಿಗ್ಗೆ ಹೊರಡಿ. ಅದು ಹುಲಿ ಆನೆಗಳ ರಸ್ತೆ, ಕತ್ತಲಾದ ಮೇಲೆ ಗೇಟು ತೆಗೆಯುವುದಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುವ ಹುಮ್ಮಸ್ಸು ಬೇಡ.

ಸದ್ದು ಬರ್ಲಿ

ಹುರಿಯುವುದನ್ನು ನಾನು ಕಲಿತದ್ದು ಪೋಡಿನ ಅಜ್ಜಿಯೊಬ್ಬರ ಒಲೆಯ ಮುಂದೆ. ಕಬ್ಬಿಣದ ಬಾಣಲೆ, ಎರಡು ಹಿಡಿ ಬೀಜ, ಕೈಯಲ್ಲಿ ಉದ್ದನೆಯ ಮರದ ಸೌಟು. ಹಸಿ ಕಾಫಿ ಬೀಜಕ್ಕೆ ಕಾಫಿಯ ವಾಸನೆಯೇ ಇರುವುದಿಲ್ಲ, ಹಸಿ ಅವರೆಯ ವಾಸನೆ. ಮೊದಲು ಹಸಿರು ಬಾಡಿ ಹಳದಿಯಾಯಿತು, ಹೊಟ್ಟು ಎದ್ದು ಹಾರಿತು, ಬೇಯಿಸಿದ ಕಡಲೆಕಾಯಿಯಂಥ ಘಮ ಬಂತು. ಕಂದು ತಿರುಗುತ್ತಿದ್ದಂತೆ ನಾನು ‘ಸಾಕಲ್ವಾ ಅಜ್ಜಿ?’ ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

‘ಅವಸ್ರ ಮಾಡ್ಬ್ಯಾಡ ಕನಪ್ಪ, ಸದ್ದು ಬರ್ಲಿ.’

ಒಂದು ನಿಮಿಷದಲ್ಲಿ ಬಂತು. ಒಗ್ಗರಣೆಯ ಸಾಸಿವೆಗಿಂತ ದಪ್ಪ, ಅರಳು ಹುರಿಯುವ ಸದ್ದಿಗಿಂತ ಮೆಲ್ಲಗೆ, ಚಟ್ ಚಟ್ ಎಂದು. ಸುಮಾರು 200 ಡಿಗ್ರಿ ಶಾಖಕ್ಕೆ ಬೀಜದೊಳಗಿನ ಆವಿ ಬಿರಿದು ಬರುವ ಸದ್ದು ಅದು. ವೃತ್ತಿಯವರ ಬಾಯಲ್ಲಿ ‘ಫಸ್ಟ್ ಕ್ರ್ಯಾಕ್’. ಸದ್ದು ತಗ್ಗಿ ಒಂದೆರಡು ನಿಮಿಷವಾಗುತ್ತಲೇ ಅಜ್ಜಿ ಬಾಣಲೆ ಇಳಿಸಿ ಬೀಜವನ್ನು ಮೊರಕ್ಕೆ ಸುರಿದು ಕೇರಿದರು. ಹೊಟ್ಟು ಹಾರಿತು, ಬೀಜ ತಣಿಯಿತು. ತಣಿಸುವುದು ಮುಖ್ಯ. ಬಾಣಲೆಯಲ್ಲೇ ಬಿಟ್ಟರೆ ಒಲೆ ಆರಿಸಿದರೂ ಒಳಗೆ ಹುರಿ ನಡೆದೇ ಇರುತ್ತದೆ. ಅಲ್ಲಿಗೆ ನಿಲ್ಲಿಸದೆ ಮುಂದುವರಿಸಿದರೆ ಇನ್ನೊಂದು ಸದ್ದು ಬರುತ್ತದೆ, ತೆಳುವಾಗಿ, ಒಣ ಎಲೆ ಮುರಿದಂತೆ. ಆಮೇಲೆ ಬೀಜದ ಮೈಮೇಲೆ ಎಣ್ಣೆ ಜಿನುಗುತ್ತದೆ, ಹೊಗೆ ಏಳುತ್ತದೆ. ಆಗ ಬಾಯಿಗೆ ಬರುವುದು ಬೆಂಕಿಯ ರುಚಿಯೇ. ಬೆಟ್ಟದ್ದಾದರೇನು, ಬಯಲಿನದಾದರೇನು, ಯಾವ ಬೀಜವೂ ಒಂದೇ.

ಮನೆಯಲ್ಲಿ ನನ್ನ ಮೊದಲ ಪ್ರಯತ್ನ ಒಂದು ಕಡೆ ಕರಿ, ಒಂದು ಕಡೆ ಹಸಿ. ಎರಡನೆಯದು ಹದವಾಗಿ ಬಂತು. ಆ ಖುಷಿಯಲ್ಲಿ ಬೀದಿ ಕೊನೆಯ ಗಿರಣಿಗೆ ಒಯ್ದು ಪುಡಿ ಮಾಡಿಸಿದೆ. ನನಗಿಂತ ಮುಂಚೆ ಯಾರೋ ಸಾರಿನ ಪುಡಿ ಮಾಡಿಸಿದ್ದರಂತೆ. ಒಂದು ವಾರ ಕೊತ್ತಂಬರಿ, ಮೆಣಸಿನಕಾಯಿಯ ಕಾಫಿ ಕುಡಿದೆವು. ಕಾಫಿ ಬೀಜ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಇಂಗು, ಸಾಬೂನುಗಳ ಪಕ್ಕ ಡಬ್ಬ ಇಡಬೇಡಿ, ಫ್ರಿಜ್ಜಿನಲ್ಲೂ ಬೇಡ. ಕೈಯಲ್ಲಿ ತಿರುಗಿಸುವ ಸಣ್ಣ ಗ್ರೈಂಡರ್ ಒಂದನ್ನು ಕೊಂಡರೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಲೋಟ, ಚಮಚ, ಹತ್ತು ನಿಮಿಷ

ಫಿಲ್ಟರು ಬೇಡ. ರುಚಿ ನೋಡಲು ಕಾಫಿ ಮಂಡಳಿಯ ಪರೀಕ್ಷಕರಿಂದ ಹಿಡಿದು ಜಗತ್ತಿನ ಎಲ್ಲ ಕಡೆ ನಡೆಯುವುದು ಒಂದೇ ಬಗೆ, ಹೆಸರು ಕಪ್ಪಿಂಗ್. ಅಡುಗೆಮನೆಯಲ್ಲಿ ಮಾಡಲು ಇಷ್ಟು ಸಾಕು: 200 ಮಿಲಿ ಹಿಡಿಯುವ ಗಾಜಿನ ಅಥವಾ ಪಿಂಗಾಣಿ ಲೋಟ, 11 ಗ್ರಾಂ ಪುಡಿ (ತೂಕದ ಯಂತ್ರ ಇಲ್ಲದಿದ್ದರೆ ಎರಡು ದೊಡ್ಡ ಚಮಚ), ಚಿರೋಟಿ ರವೆಗಿಂತ ತುಸು ದಪ್ಪ ಬೀಸಿದ್ದು. ಸ್ಟೀಲ್ ಲೋಟ ತುಟಿ ಸುಡುತ್ತದೆ, ಬಣ್ಣವೂ ಕಾಣುವುದಿಲ್ಲ. ಕೊಳವೆಬಾವಿಯ ಗಡಸು ನೀರು ಹುಳಿಯನ್ನು ನುಂಗಿಹಾಕುತ್ತದೆ, ಹನೂರು ಕಡೆಯವರು ಕುಡಿಯುವ ಕ್ಯಾನ್ ನೀರನ್ನೇ ಬಳಸುವುದು ಲೇಸು.

ಒಣ ಪುಡಿಯನ್ನು ಮೊದಲು ಮೂಸಿ. ಕುದಿದ ನೀರನ್ನು ಇಳಿಸಿ ಅರ್ಧ ನಿಮಿಷ ಬಿಟ್ಟು ಲೋಟದ ಕಂಠದವರೆಗೆ ಸುರಿಯಿರಿ. ಪುಡಿ ಮೇಲೆದ್ದು ಕೆನೆ ಕಟ್ಟುತ್ತದೆ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಮೂಗನ್ನು ಲೋಟಕ್ಕೆ ತಾಗುವಷ್ಟು ಹತ್ತಿರ ಒಯ್ದು, ಚಮಚದ ಬೆನ್ನಿನಿಂದ ಕೆನೆಯನ್ನು ಮೂರು ಸಲ ಒಡೆಯಿರಿ. ನಾಲ್ಕು ನಿಮಿಷ ಅದುಮಿಟ್ಟ ಘಮವೆಲ್ಲ ಆ ಒಂದು ಕ್ಷಣದಲ್ಲಿ ಎದ್ದು ಬರುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಇದಕ್ಕಿಂತ ಸುಖದ ಗಳಿಗೆ ಇನ್ನೊಂದಿಲ್ಲ. ಮೇಲೆ ತೇಲುವ ನೊರೆ, ಚರಟವನ್ನು ಎರಡು ಚಮಚದಲ್ಲಿ ಬಾಚಿ ತೆಗೆದು, ಮತ್ತೆ ಆರೇಳು ನಿಮಿಷ ಬಿಡಿ. ಬಿಸಿಯಲ್ಲಿ ನಾಲಿಗೆಗೆ ಏನೂ ತಿಳಿಯುವುದಿಲ್ಲ, ಸುಟ್ಟಿತು ಎಂದಷ್ಟೇ ತಿಳಿಯುತ್ತದೆ.

ಈಗ ಒಂದು ಚಮಚ ತೆಗೆದು ಸೊರ್‍ರೆಂದು ಸದ್ದು ಮಾಡಿ ಹೀರಿ. ಮಕ್ಕಳಾಗಿದ್ದಾಗ ಹೀಗೆ ಹೀರಿದ್ದಕ್ಕೆ ಬೈಸಿಕೊಂಡಿದ್ದೇವೆ, ಇಲ್ಲಿ ಅದೇ ಶಾಸ್ತ್ರ. ಸದ್ದಿನೊಂದಿಗೆ ಒಳಹೋಗುವ ಗಾಳಿ ಕಾಫಿಯನ್ನು ಹನಿಹನಿಯಾಗಿ ಒಡೆದು ಬಾಯಿಯ ಹಿಂಭಾಗದಿಂದ ಮೂಗಿಗೆ ಮುಟ್ಟಿಸುತ್ತದೆ. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ತೆಗೆದುಕೊಳ್ಳಿ. ಬರೀ ಕಹಿನೀರು. ಮೂಗು ಬಿಡಿ, ಕಾಫಿ ಬಂದು ನಿಲ್ಲುತ್ತದೆ. ನಾಲಿಗೆಗೆ ಗೊತ್ತಿರುವುದು ಬೆರಳೆಣಿಕೆಯಷ್ಟು ರುಚಿ, ಉಳಿದದ್ದೆಲ್ಲ ಮೂಗಿನ ಲೆಕ್ಕ.

ಒಂದೇ ಲೋಟವನ್ನು ಮೂರು ಸಲ ನೋಡಬೇಕು: ಬಿಸಿಯಾಗಿ, ಉಗುರುಬೆಚ್ಚಗಾದಾಗ, ಪೂರ್ತಿ ಆರಿದಾಗ. ಕೆಟ್ಟ ಕಾಫಿ ಬಿಸಿಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಆರಿದಾಗಲೂ ಕುಡಿಯುವಂತಿದ್ದರೆ ಅದು ನಿಜವಾಗಿ ಒಳ್ಳೆಯ ಕಾಫಿ.

ನಮ್ಮ ಬಾಯಿಯ ಮಾತು

ಕಾಫಿ ರುಚಿಗೆಂದು ಚಕ್ರದಾಕಾರದ ಒಂದು ಪಟ್ಟಿ ಸಿಗುತ್ತದೆ. ಬ್ಲೂಬೆರಿ, ಮೇಪಲ್ ಪಾಕ, ಹೇಜಲ್‌ನಟ್ ಎಂದೆಲ್ಲ ಬರೆದಿರುತ್ತದೆ. ಕೊಳ್ಳೇಗಾಲದ ಸಂತೆಯಲ್ಲಿ ಬೆಳೆದ ನಾಲಿಗೆಗೆ ಅವು ಯಾವ ನೆನಪನ್ನೂ ಕೊಡುವುದಿಲ್ಲ. ನಾನು ಮಾಡುವುದು ಇಷ್ಟು: ಕಾಫಿ ಆರುವ ಹೊತ್ತಿನಲ್ಲಿ ಒಂದು ತಟ್ಟೆಯಲ್ಲಿ ಚೂರು ಹುಣಸೆಹಣ್ಣು, ಚೂರು ಹಳೆಯ ಬೆಲ್ಲ, ಚಿಟಿಕೆ ರಾಗಿ ಹುರಿಹಿಟ್ಟು, ಒಂದು ನೆಲ್ಲಿಕಾಯಿ, ಬೆಟ್ಟದ ಹೆಜ್ಜೇನು ಒಂದು ಹನಿ, ಸೀದ ರೊಟ್ಟಿಯ ಅಂಚು ಇಟ್ಟುಕೊಳ್ಳುತ್ತೇನೆ. ಕಾಫಿ ಹೀರುವುದು, ತಟ್ಟೆಯದೊಂದನ್ನು ಮುಟ್ಟುವುದು, ನೀರು ಕುಡಿದು ಮತ್ತೆ ಕಾಫಿ. ಯಾವುದು ಯಾವುದಕ್ಕೆ ಹತ್ತಿರ ಎಂದು ಬಾಯಿಯೇ ಹೇಳುತ್ತದೆ.

ಹುಳಿಯಿಂದ ಶುರು ಮಾಡಿ. ಬೆಟ್ಟದ ಅರೇಬಿಕಾದಲ್ಲಿ ಹುಳಿ ಇದ್ದೇ ಇರುತ್ತದೆ, ಇರಲೇಬೇಕು. ಅದು ಕಿತ್ತಳೆಯ ಹುಳಿಯಂತೆ ಬಾಯಲ್ಲಿ ನೀರೂರಿಸಿದರೆ ಒಳ್ಳೆಯದು. ಹಳಸಿದ ಗಂಜಿಯ ಹುಳಿಯಾದರೆ ಹಣ್ಣು ಕೊಯ್ದ ಮೇಲೆ ರಾಶಿಯಲ್ಲೇ ಕೊಳೆತಿದೆ ಎಂದರ್ಥ.

ಒಗರು ರುಚಿಯಲ್ಲ, ಸ್ಪರ್ಶ. ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ, ವಸಡು ಬಿಗಿದುಕೊಳ್ಳುವುದು. ಪಕ್ವವಾಗದ ಹಣ್ಣನ್ನೂ ಸೇರಿಸಿ ಕೊಯ್ದರೆ, ಪುಡಿಯನ್ನು ಹೆಚ್ಚು ಹೊತ್ತು ನೀರಿನಲ್ಲಿ ಬಿಟ್ಟರೆ ಒಗರು ಏರುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಅರ್ಧ ಪುಟ ತೆಗೆದುಕೊಳ್ಳುತ್ತವೆ. ನಮ್ಮಲ್ಲಿ ಐದು ವರ್ಷದ ಮಗುವಿಗೂ ಈ ಮಾತು ಗೊತ್ತು.

ಇನ್ನು ಕಹಿ. ಕಾಫಿಯ ಕಹಿಗೆಲ್ಲ ಕೆಫೀನ್ ಕಾರಣ ಎಂದು ನಂಬಿದ್ದೇವೆ. ಅದರ ಪಾಲು ಸ್ವಲ್ಪವೇ. ಹೆಚ್ಚಿನದು ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲಗಳು ಹುರಿಯಲ್ಲಿ ರೂಪ ಬದಲಿಸಿಕೊಂಡು ಹುಟ್ಟಿಸುವಂಥದು. ಮಧ್ಯಮ ಹುರಿಯಲ್ಲಿ ಅದು ಹಾಗಲಕಾಯಿ ಗೊಜ್ಜಿನ ಕಹಿಯಂತೆ ಬರುತ್ತದೆ, ನಾಲಿಗೆಯ ಮೇಲೆ ಸ್ವಲ್ಪ ಹೊತ್ತಿದ್ದು ಹೋಗುತ್ತದೆ, ಹೋದಮೇಲೆ ಬಾಯಿ ಸಿಹಿಯಾಗುತ್ತದೆ. ಕಮರು ಹಾಗಲ್ಲ. ಅದು ನುಂಗಿದ ಮೇಲೂ ಗಂಟಲಲ್ಲಿ ಕೂತಿರುತ್ತದೆ, ಸೀದ ರೊಟ್ಟಿಯ ಅಂಚಿನಂತೆ, ಬೂದಿಯಂತೆ. ನೀರು ಕುಡಿದರೂ ಹೋಗುವುದಿಲ್ಲ. ಹತ್ತು ಎಣಿಸಿ: ಅಷ್ಟರೊಳಗೆ ಬಾಯಿ ತಿಳಿಯಾದರೆ ಕಹಿ, ಇನ್ನೂ ಕೆರೆಯುತ್ತಿದ್ದರೆ ಕಮರು. ನಮ್ಮ ಹೋಟೆಲುಗಳ ಪುಡಿಯಲ್ಲಿ ರೋಬಸ್ಟಾದ ಪಾಲು ಹೆಚ್ಚು, ಹುರಿಯೂ ಕರಿ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು. ಅಷ್ಟು ಹಾಲು ಸಕ್ಕರೆ ಬೇಕಾದದ್ದು ಸುಮ್ಮನೆ ಅಲ್ಲ.

ಕೊನೆಯದು ಮೈ. ಗುಟುಕು ಬಾಯಲ್ಲಿ ನೀರಿನ ಹಾಗಿದೆಯೋ, ತಿಳಿಸಾರಿನ ಹಾಗಿದೆಯೋ, ರಾಗಿ ಅಂಬಲಿಯ ಹಾಗೋ. ಬಿಳಿಗಿರಿಯ ಚೆರಿ ನನಗೆ ಯಾವಾಗಲೂ ತೆಳು ಅಂಬಲಿಯ ಕಡೆಗೆ ವಾಲಿದಂತೆ ಕಂಡಿದೆ, ತಳದಲ್ಲಿ ಹಳೆಯ ಬೆಲ್ಲ. ನಿಮಗೆ ಬೇರೆ ಕಾಣಬಹುದು. ಕಂಡದ್ದನ್ನು ಅಲ್ಲೇ ಬರೆದಿಡಿ, ನಾಳೆಗೆ ನೆನಪಿರುವುದಿಲ್ಲ.

ಕಹಿ, ಕಮರಿನ ಈ ಲೆಕ್ಕ ಕಾಫಿಯ ಆಚೆಗೂ ನಡೆಯುತ್ತದೆ. ಹೋದ ವರ್ಷ ಷಿಕಾಗೋದಿಂದ ಬಂದ ಅಕ್ಕನ ಮಗ ಇಂಪೀರಿಯಲ್ ಸ್ಟೌಟ್ ಎಂಬ ಕಪ್ಪು ಬಿಯರಿನ ಸೀಸೆಯೊಂದನ್ನು ತಂದಿದ್ದ. 18ನೆಯ ಶತಮಾನದಲ್ಲಿ ಲಂಡನ್ನಿನ ಬ್ರೂವರಿಗಳು ರಷ್ಯದ ಅರಮನೆಗೆ ಕಳಿಸುತ್ತಿದ್ದ ಗಟ್ಟಿ ಬಿಯರಿನ ವಂಶದ್ದು. ಸೀಸೆಯ ಮೇಲೆ ಮದ್ಯಸಾರ ಶೇ 13 ಎಂದಿತ್ತು. ನಮ್ಮ ದೇಶದ ಮಾನದಂಡದಲ್ಲಿ ಬಿಯರು ಶೇ 8 ದಾಟುವಂತಿಲ್ಲ, ಹಾಗಾಗಿ ಇಂಥದ್ದು ಇಲ್ಲಿ ಅಪರೂಪ. ಅದನ್ನು ತಿಂಗಳುಗಟ್ಟಲೆ ಬರ್ಬನ್ ವಿಸ್ಕಿಯ ಖಾಲಿ ಪೀಪಾಯಿಯಲ್ಲಿ ಇಟ್ಟಿರುತ್ತಾರಂತೆ. ಅಮೆರಿಕದ ಕಾನೂನಿನಂತೆ ಬರ್ಬನ್ನಿಗೆ ಪ್ರತಿ ಸಲವೂ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಬೇಕು, ಆದ್ದರಿಂದ ಹಳೆಯವು ಧಾರಾಳ. ‘ಮಾವ, ಇದರಲ್ಲಿ ಕಾಫಿ, ಚಾಕಲೇಟು, ವೆನಿಲಾ ಎಲ್ಲ ಸಿಗುತ್ತೆ ನೋಡಿ’ ಎಂದ. ಒಂದು ಚಮಚ ನೋಡಿದೆ. ಕರಿದಾಗಿ ಹುರಿದ ಬಾರ್ಲಿ ನಮ್ಮ ಹುರಿಹಿಟ್ಟಿನ ದಾಯಾದಿ. ಓಕ್ ಮರ ಕೊಟ್ಟ ವೆನಿಲಾ ಹಿಂದಿನಿಂದ ಬಂತು. ಕಮರು ಮಾತ್ರ ಇರಲಿಲ್ಲ, ಅಷ್ಟು ಕಪ್ಪಿದ್ದೂ. ಅದೊಂದಕ್ಕೆ ಮಾಡಿದವರಿಗೆ ಶಹಭಾಸ್ ಎನ್ನಬೇಕು.

ಆ ಪೀಪಾಯಿಯ ಚಾಳಿ ಕಾಫಿಗೂ ಅಂಟಿದೆ. ಹಸಿ ಬೀಜವನ್ನು ಖಾಲಿ ವಿಸ್ಕಿ ಪೀಪಾಯಿಯಲ್ಲಿ ವಾರಗಟ್ಟಲೆ ಇಟ್ಟು, ಆಮೇಲೆ ಹುರಿದು, ದುಬಾರಿ ಬೆಲೆಗೆ ಮಾರುತ್ತಾರೆ. ಹುರಿಯಲ್ಲಿ ಮದ್ಯಸಾರ ಹಾರಿಹೋಗುತ್ತದೆ, ವಾಸನೆ ನಿಲ್ಲುತ್ತದೆ. ನನ್ನ ಪುಡಿಗೆ ಗಿರಣಿಯಲ್ಲಿ ಆದದ್ದೂ ಇದೇ, ಇಲ್ಲಿ ಬೇಕೆಂದೇ ಮಾಡುತ್ತಾರೆ ಅಷ್ಟೆ. ಒಂದು ಸಲ ಕುಡಿದು ನೋಡಲು ಅಡ್ಡಿಯಿಲ್ಲ. ಆದರೆ ಪೀಪಾಯಿಯ ಕೆಳಗೆ ಬೀಜ ಯಾವ ಊರಿನದೆಂದು ಹುಡುಕಬೇಕಾಗುತ್ತದೆ. ಪೋಡಿನ ಬೀಜಕ್ಕೆ ಹಾಗೆ ಮಾಡುವುದು, ಹೆಜ್ಜೇನಿಗೆ ಏಲಕ್ಕಿ ಹಾಕಿದಂತೆ.

ನಾಲಿಗೆ ಎಷ್ಟು ಪಳಗಿದೆ ಎಂದು ನೋಡಲು ಒಂದು ಆಟವಿದೆ. ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಗುರುತಿನ ಚೀಟಿ ಲೋಟದ ತಳಕ್ಕೆ ಅಂಟಿಸಿ, ಯಾರಾದರೂ ಜಾಗ ಬದಲಿಸಿಡಲಿ. ಬೇರೆಯದು ಯಾವುದೆಂದು ಹೇಳಬೇಕು. ವೃತ್ತಿಯವರೂ ಇದನ್ನೇ ಆಡುತ್ತಾರೆ. ಹೋದ ಸಂಕ್ರಾಂತಿಗೆ ಹನೂರಿನ ಸೋದರತ್ತೆಯ ಮನೆಯಲ್ಲಿ ಜಗಲಿಯ ಮೇಲೆ ಲೋಟ ಹೂಡಿದೆ. ಎರಡು ಬೆಟ್ಟದ ಕಾಫಿ, ಒಂದು ಚಿಕೋರಿ ಬೆರೆಸಿದ ಅಂಗಡಿಯದು. ಅಕ್ಕನ ಮಗ ಮೂರನ್ನೂ ಎರಡೆರಡು ಸಲ ಹೀರಿ, ಕಣ್ಣು ಮುಚ್ಚಿ, ಫೋನಿನಲ್ಲಿ ಏನೋ ಬರೆದುಕೊಂಡು ತಪ್ಪು ಲೋಟ ತೋರಿಸಿದ. ನಾನು ಗಿಟ್ಟಿಸಿದೆ, ಆದರೆ ಮೂರನೆಯ ಸುತ್ತಿನಲ್ಲಿ. ಸೋದರತ್ತೆ ಒಂದನ್ನೂ ಕುಡಿಯಲಿಲ್ಲ. ಒಂದೊಂದನ್ನೇ ಎತ್ತಿ ಮೂಸಿ, ನಡುವಿನದನ್ನು ಪಕ್ಕಕ್ಕೆ ಸರಿಸಿದರು.

‘ಇದ್ರೊಳ್ಗ ಯಾವ್ದೋ ಬೇರ ಸುಟ್ಟು ಹಾಕವ್ರ ಕನ ಮಗ.’

ಚೀಟಿ ನೋಡಿದೆವು, ಸರಿ. ಆಮೇಲೆ ಅವರು ಉಳಿದೆರಡು ಲೋಟದ ಬೆಟ್ಟದ ಕಾಫಿಯನ್ನು ಒಂದಕ್ಕೊಂದು ಸುರಿದು, ಒಳಗೆ ಹೋಗಿ ಒಂದು ಹಿಡಿ ಬೆಲ್ಲ ಹಾಕಿ ಕುದಿಸಿಕೊಂಡು ಬಂದು ಕುಡಿದರು.